ಲೋಲಕ, ಲಂಗರು ಮತ್ತು ನಮ್ಮ ಮನೆಯ ಗಡಿಯಾರ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯ ಲೇಖನ

ಈ ಸಲದ ವಿಜ್ಞಾನ ಪ್ರದರ್ಶನದಲ್ಲಿ ನಾನೊಂದು ತಪ್ಪು ಮಾಡಿದೆ. ಈ ಲೇಖನ ಹುಟ್ಟಿದ್ದು ಆ ತಪ್ಪಿನಿಂದ.

ನಾನು ಕಾಮರ್ಸ್ ಓದುವವಳು. ವಿಜ್ಞಾನ ಪ್ರದರ್ಶನಕ್ಕೂ ನನಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ನನ್ನ ಕೈಬರಹದ್ದು. ನನ್ನ ಕನ್ನಡ ಅಕ್ಷರ ದುಂಡಗಿದೆ ಎಂದು ಸೈನ್ಸ್ ಸೆಕ್ಷನ್ನಿನ ಗೆಳತಿಯರು ಚಾರ್ಟ್ ಬರೆಯಲು ಕರೆದರು. ಅವರು ಆರಿಸಿಕೊಂಡಿದ್ದ ವಿಷಯ ‘ಸರಳ ಲೋಲಕ’. ಚಿತ್ರ ಬರೆದು, ಸೂತ್ರ ಬರೆದು ಮುಗಿಸಿದ ಮೇಲೆ ಕೆಳಗೆ ನಾಲ್ಕು ಬೆರಳಷ್ಟು ಜಾಗ ಉಳಿಯಿತು. ಖಾಲಿ ಬಿಟ್ಟರೆ ಚೆನ್ನಾಗಿರುವುದಿಲ್ಲ ಎನಿಸಿತು. ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಬಂದಿದ್ದ ಒಂದು ಸಂದೇಶ ನೆನಪಾಯಿತು. ಲೋಲಕವನ್ನು ಮೊದಲು ಕಂಡುಹಿಡಿದವರು ಗೆಲಿಲಿಯೋ ಅಲ್ಲ, ಅವನಿಗಿಂತ ಆರು ನೂರು ವರ್ಷ ಮೊದಲೇ ಈಜಿಪ್ಟಿನಲ್ಲಿದ್ದ ಇಬ್ನ್ ಯೂನುಸ್ ಎಂದು ಅದರಲ್ಲಿತ್ತು. ಹಸಿರು ಸ್ಕೆಚ್ ಪೆನ್ನಿನಲ್ಲಿ ದಪ್ಪಕ್ಷರದಲ್ಲಿ ಬರೆದುಬಿಟ್ಟೆ. ಬರೆಯುವಾಗ ಹೆಮ್ಮೆಯೂ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ.

ನಮ್ಮ ಫಿಸಿಕ್ಸ್ ಸರ್ ಚಾರ್ಟಿನ ಮುಂದೆ ನಿಂತು ಪೂರ್ತಿ ಓದಿದರು. ಕೊನೆಯ ಸಾಲಿಗೆ ಬಂದು, “ಇದಕ್ಕೆ ಪುರಾವೆ ಏನಮ್ಮಾ?” ಎಂದರು.

“ಎಲ್ಲರಿಗೂ ಗೊತ್ತಿರೋದು ಸರ್” ಎಂದೆ.

“ಹಾಗಾದರೆ ಪುರಾವೆ ಸುಲಭವಾಗಿ ಸಿಗಬೇಕಲ್ಲ. ಹುಡುಕಿಕೊಂಡು ಬಾ” ಎಂದು ಹೇಳಿ ಮುಂದಿನ ಚಾರ್ಟಿಗೆ ಹೋದರು. ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೇ ಮರೆತುಬಿಡುತ್ತಿದ್ದೆನೋ ಏನೋ.

ಮನೆಯಲ್ಲಿ ಅದರ ಹೆಸರು ಲಂಗರ್

ಅಂದು ಸಂಜೆ ತಿಲಕ್ ನಗರದ ನಮ್ಮ ಮನೆಗೆ ಬಂದವಳು ಗೋಡೆ ಗಡಿಯಾರದ ಕೆಳಗೆ ಕುಳಿತೆ. ನಮ್ಮ ದಾದಾ ಕೊಂಡ ಗಡಿಯಾರ ಅದು. ಮರದ ಪೆಟ್ಟಿಗೆ, ಗಾಜಿನ ಬಾಗಿಲು, ಒಳಗೆ ಹಿತ್ತಾಳೆಯ ಬಿಲ್ಲೆ. ಪ್ರತಿ ಶುಕ್ರವಾರ ಜುಮಾ ನಮಾಜಿನಿಂದ ಬಂದ ಮೇಲೆ ದಾದಾ ಅದಕ್ಕೆ ಕೀಲಿ ಕೊಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಆ ಕೆಲಸ ಯಾರೂ ವಹಿಸಿಕೊಳ್ಳಲಿಲ್ಲ. ಎರಡು ವರ್ಷದಿಂದ ಅದು ಸುಮ್ಮನೆ ನೇತಾಡುತ್ತಿದೆ.

ಇದಕ್ಕೆ ಉರ್ದುವಿನಲ್ಲಿ ಏನನ್ನುತ್ತಾರೆ ಎಂದು ದಾದಿಯನ್ನು ಕೇಳಿದೆ. “ಲಂಗರ್” ಎಂದರು. “ಲಂಗರ್ ರುಕ್ ಗಯಾ ತೋ ಘಡೀ ರುಕ್ ಗಯೀ” ಎಂದು ಒಂದು ಮಾತು ಸೇರಿಸಿದರು. ಲಂಗರು ನಿಂತರೆ ಗಡಿಯಾರ ನಿಂತಂತೆ.

ನನಗೆ ಗೊತ್ತಿದ್ದ ಲಂಗರ್ ಬೇರೆ. ದರ್ಗಾಗಳಲ್ಲಿ ಬಂದವರಿಗೆಲ್ಲ ಹಾಕುವ ಊಟ ಲಂಗರ್. ಬೀದರಿನ ನಾನಕ್ ಝಿರಾ ಗುರುದ್ವಾರದ ಊಟಕ್ಕೂ ಅದೇ ಹೆಸರು. ಕನ್ನಡ ಪಠ್ಯದಲ್ಲಿ ಓದಿದ ಲಂಗರು ಇನ್ನೊಂದು: ಹಡಗು ನಿಲ್ಲಿಸಲು ಸಮುದ್ರಕ್ಕೆ ಇಳಿಬಿಡುವ ಕಬ್ಬಿಣದ ಕೊಕ್ಕೆ. ಮೂರೂ ಒಂದೇ ಪದ. ಪರ್ಷಿಯನ್ನಿನಿಂದ ಉರ್ದುವಿಗೂ ಬಂತು, ಕನ್ನಡಕ್ಕೂ ಬಂತು. ಭಾರವಾದದ್ದು, ಹಗ್ಗದ ತುದಿಯಲ್ಲಿ ಇಳಿಬಿದ್ದದ್ದು ಎಂಬ ಅರ್ಥದಿಂದ ಹಡಗಿನ ಲಂಗರಿಗೂ ಗಡಿಯಾರದ ಲಂಗರಿಗೂ ನಂಟು ಸುಲಭವಾಗಿ ಕಾಣುತ್ತದೆ. ತಮಾಷೆ ಏನೆಂದರೆ, ಹಡಗಿನ ಲಂಗರು ಬಿದ್ದರೆ ಹಡಗು ನಿಲ್ಲುತ್ತದೆ. ಗಡಿಯಾರದ ಲಂಗರು ಆಡಿದರೆ ಗಡಿಯಾರ ನಡೆಯುತ್ತದೆ.

ಅರಬಿಯಲ್ಲಿ ಲೋಲಕಕ್ಕೆ ‘ರಕ್ಕಾಸ್’ ಎಂಬ ಹೆಸರಿದೆ. ಉರ್ದು ಪುಸ್ತಕಗಳಲ್ಲೂ ಅದು ಬರುತ್ತದೆ. ‘ರಕ್ಸ್’ ಎಂದರೆ ಕುಣಿತ, ‘ರಕ್ಕಾಸ್’ ಎಂದರೆ ಕುಣಿಯುವವನು. ಒಂದು ಭಾಷೆ ಅದರ ಭಾರವನ್ನು ನೋಡಿ ಹೆಸರಿಟ್ಟಿತು, ಇನ್ನೊಂದು ಅದರ ಕುಣಿತವನ್ನು ನೋಡಿ ಹೆಸರಿಟ್ಟಿತು.

ಕನ್ನಡದ ಲೋಲಕ

ಮರುದಿನ ಕನ್ನಡ ಮೇಡಂ ಹತ್ತಿರ ಹೋದೆ. ‘ಲೋಲ’ ಎಂದರೆ ಅಲುಗಾಡುವ, ತೊನೆದಾಡುವ ಎಂದು ಅರ್ಥ ಹೇಳಿದರು. ಆಮೇಲೆ ನನ್ನ ಕಿವಿ ತೋರಿಸಿ ನಕ್ಕರು. “ನೀನು ಹಾಕಿಕೊಂಡಿರೋದು ಏನು?”

ಜೋತಾಡುವ ಕಿವಿಯೋಲೆಗೆ ಕನ್ನಡದಲ್ಲಿ ಲೋಲಾಕು ಎನ್ನುತ್ತಾರೆ. ನಾವು ಮನೆಯಲ್ಲಿ ಝುಮ್ಕೆ ಎನ್ನುವ ಜಾತಿಯದು. ಲೋಲಕವೂ ಲೋಲಾಕೂ ಒಂದೇ ಮನೆಯ ಪದಗಳು. ಹುಡುಗಿಯರೇ, ನೀವು ತಲೆ ಅಲ್ಲಾಡಿಸಿದಾಗಲೆಲ್ಲ ಎರಡು ಸರಳ ಲೋಲಕಗಳ ಪ್ರಯೋಗ ನಡೆಯುತ್ತಿರುತ್ತದೆ.

‘ಲೋಲ’ ಪದಕ್ಕೆ ಇನ್ನೊಂದು ಅರ್ಥವೂ ಇದೆ: ಆಸೆಯಿಂದ ಚಂಚಲವಾದ ಮನಸ್ಸು. ‘ಲೋಲುಪ’ ಎಂಬ ಪದದಲ್ಲೂ ಇದೇ ಆಸೆಯ ಅರ್ಥವಿದೆ. ಒಂದು ಕಡೆ ನಿಲ್ಲದೆ ಅತ್ತಿತ್ತ ಹೊಯ್ದಾಡುವ ಮನಸ್ಸಿಗೆ ‘ಡೋಲಾಯಮಾನ’ ಎನ್ನುತ್ತಾರೆ. ಡೋಲೆ ಎಂದರೆ ಉಯ್ಯಾಲೆ. ನಾಗರ ಪಂಚಮಿಗೆ ಉತ್ತರ ಕರ್ನಾಟಕದಲ್ಲಿ ಮರಕ್ಕೆ ಕಟ್ಟುವ ಜೋಕಾಲಿಯೂ ಲೆಕ್ಕಕ್ಕೆ ಲೋಲಕವೇ.

ಲೋಲಕದ ಓಲಾಟಕ್ಕೆ ಕನ್ನಡ ವಿಜ್ಞಾನ ಪುಸ್ತಕದಲ್ಲಿರುವ ಪದ ‘ಆಂದೋಲನ’. ಜನರ ಚಳವಳಿಗೂ ಅದೇ ಪದ. ಮೈಸೂರಿನಿಂದ ಹೊರಡುವ ‘ಆಂದೋಲನ’ ದಿನಪತ್ರಿಕೆಯ ಹೆಸರು ಕೇಳಿದಾಗ ನಮಗೆ ಉಯ್ಯಾಲೆ ನೆನಪಾಗುವುದಿಲ್ಲ, ಆದರೆ ಪದದ ಬೇರಿನಲ್ಲಿ ಉಯ್ಯಾಲೆ ಇದೆ. ನಿಂತದ್ದನ್ನು ಅಲುಗಾಡಿಸುವುದೇ ಚಳವಳಿಯ ಕೆಲಸ ಎಂದುಕೊಂಡರೆ ಪದ ಸರಿಯಾಗಿಯೇ ಇದೆ.

‘ಗಡಿಯಾರ’ ಪದವನ್ನೂ ಮೇಡಂ ಬಿಡಿಸಿ ಹೇಳಿದರು. ಲೋಲಕ ಬರುವ ಮೊದಲು ನಮ್ಮ ದೇಶದಲ್ಲಿ ಹೊತ್ತು ಅಳೆಯಲು ಗಳಿಗೆ ಬಟ್ಟಲು ಇತ್ತು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ನಿಧಾನವಾಗಿ ತುಂಬಿ ಮುಳುಗುತ್ತದೆ. ಒಮ್ಮೆ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ದಿನಕ್ಕೆ 60 ಗಳಿಗೆ. ‘ಘಟ’ ಎಂದರೆ ಮಡಕೆ, ಅದರಿಂದ ‘ಘಟಿಕಾ’, ಅದರಿಂದ ಕನ್ನಡದ ಗಳಿಗೆ, ಉರ್ದುವಿನ ಘಡೀ. ನಮ್ಮ ದಾದಿಯ ಘಡೀಯೂ ಮೇಡಂ ಅವರ ಗಡಿಯಾರವೂ ಒಂದೇ ಮಡಕೆಯಿಂದ ಹೊರಬಂದವು.

ಕಾಮರ್ಸ್ ತರಗತಿಯಲ್ಲೂ ಲೋಲಕ

ಇನ್ನು ಇಂಗ್ಲಿಷಿನ ‘ಪೆಂಡ್ಯುಲಮ್’. ಅದು ಲ್ಯಾಟಿನ್ ಪದ. ‘ಪೆಂಡುಲುಸ್’ ಎಂದರೆ ನೇತಾಡುವ. ಅದರ ಹಿಂದಿರುವ ಲ್ಯಾಟಿನ್ ಧಾತುವಿಗೆ ನೇತಾಡು ಎಂದೂ ಅರ್ಥ, ತೂಗು ಎಂದೂ ಅರ್ಥ, ಹಣ ಕೊಡು ಎಂದೂ ಅರ್ಥ. ಮೊದಲ ಸಲ ಓದಿದಾಗ ಈ ಮೂರಕ್ಕೂ ಏನು ಸಂಬಂಧ ಎಂದು ನನಗೆ ತಿಳಿಯಲಿಲ್ಲ. ತಿಳಿದದ್ದು ನಮ್ಮ ಅಬ್ಬಾರ ಗುಜರಿ ಅಂಗಡಿಯಲ್ಲಿ.

ಅಬ್ಬಾ ಈಗ ಎಲೆಕ್ಟ್ರಾನಿಕ್ ತೂಕದ ಯಂತ್ರ ಇಟ್ಟಿದ್ದಾರೆ. ಆದರೆ ಹಳೆಯ ತಕ್ಕಡಿಯೂ ಮೂಲೆಯಲ್ಲಿದೆ. ಅದನ್ನು ಮೇಲಿನಿಂದ ನೇತುಹಾಕಬೇಕು. ನೇತುಹಾಕದೆ ತೂಗಲು ಆಗುವುದಿಲ್ಲ. ಹಿಂದೆ ನಾಣ್ಯಕ್ಕಿಂತ ಲೋಹದ ತೂಕವನ್ನೇ ನಂಬುತ್ತಿದ್ದ ಕಾಲದಲ್ಲಿ ಹಣ ಕೊಡುವುದೆಂದರೆ ಲೋಹ ತೂಗಿ ಕೊಡುವುದು. ನೇತಾಡು, ತೂಗು, ಕೊಡು: ತಕ್ಕಡಿಯ ಮುಂದೆ ನಿಂತರೆ ಮೂರೂ ಒಂದೇ ಕೆಲಸ.

ಕಾಮರ್ಸ್ ಗೆಳೆಯರೇ, ಈಗ ನಮ್ಮ ಪಠ್ಯಪುಸ್ತಕ ತೆರೆಯಿರಿ. ಎಕ್ಸ್‌ಪೆಂಡಿಚರ್ ಎಂದರೆ ತೂಗಿ ಹೊರಗೆ ಕೊಟ್ಟದ್ದು. ಪೆನ್ಷನ್, ಸ್ಟೈಪೆಂಡ್, ಕಾಂಪೆನ್ಸೇಷನ್ ಎಲ್ಲವೂ ಅದೇ ಧಾತುವಿನಿಂದ ಬಂದವು. ಪೆಂಡಿಂಗ್ ಬಿಲ್ ಎಂದರೆ ಇನ್ನೂ ನೇತಾಡುತ್ತಿರುವ ಬಿಲ್. ಡಿಪೆಂಡೆಂಟ್ ಎಂದರೆ ಇನ್ನೊಬ್ಬರಿಗೆ ಜೋತುಬಿದ್ದವರು. ಬ್ರಿಟನ್ನಿನ ಹಣ ಪೌಂಡ್ ಕೂಡ ತೂಕ ಎಂಬ ಅರ್ಥದ, ಇದೇ ಕುಲದ ಪದದಿಂದ ಬಂದಿದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ನಾವು ವ್ಯತ್ಯಾಸವನ್ನು ತಾತ್ಕಾಲಿಕವಾಗಿ ತೂಗುಹಾಕುವ ಸಸ್ಪೆನ್ಸ್ ಅಕೌಂಟ್ ಇದೆಯಲ್ಲ, ಅದೂ ಪೆಂಡ್ಯುಲಮ್ಮಿನ ತಮ್ಮನೇ. ‘ಬ್ಯಾಲೆನ್ಸ್’ ಪದ ಬೇರೆ ಧಾತುವಿನದು, ಆದರೆ ಅದರ ಅರ್ಥ ಎರಡು ತಟ್ಟೆ ಎಂದು. ಅದೂ ತಕ್ಕಡಿಯೇ.

ಇಲ್ಲಿಯವರೆಗೆ ಬಂದಾಗ ನನಗೆ ಒಂದು ಸಂಗತಿ ಹೊಳೆಯಿತು. ಕನ್ನಡದಲ್ಲಿ ಅಕ್ಕಿಯನ್ನೂ ತೂಗುತ್ತೇವೆ, ತೊಟ್ಟಿಲನ್ನೂ ತೂಗುತ್ತೇವೆ. ತೂಕ, ತೂಗುಸೇತುವೆ, ತೂಗುಯ್ಯಾಲೆ, ತಲೆದೂಗು ಎಲ್ಲದರಲ್ಲೂ ಇರುವುದು ‘ತೂಗು’. ಒಳ್ಳೆಯದು ಕೆಟ್ಟದ್ದು ಯೋಚಿಸಿ ತೀರ್ಮಾನಿಸುವುದಕ್ಕೆ ‘ಅಳೆದು ತೂಗಿ’ ಎನ್ನುತ್ತೇವೆ. ಲ್ಯಾಟಿನ್ನಿಗೂ ಕನ್ನಡಕ್ಕೂ ರಕ್ತಸಂಬಂಧ ಇಲ್ಲ. ಆದರೂ ಎರಡು ಭಾಷೆಯವರೂ ನೇತಾಡುವುದಕ್ಕೂ ಭಾರ ನೋಡುವುದಕ್ಕೂ ಒಂದೇ ಪದ ಇಟ್ಟುಕೊಂಡರು. ತಕ್ಕಡಿಯನ್ನು ಕಣ್ಣಾರೆ ಕಂಡವರಿಗೆ ಬೇರೆ ಪದ ಬೇಕಾಗಲಿಲ್ಲ ಎಂದು ನನ್ನ ಊಹೆ.

ಉರ್ದುವಿನಲ್ಲಿ ತಕ್ಕಡಿ ತರಾಜೂ. ಅರಬಿಯಿಂದ ಬಂದ ಪದ ಮೀಜಾನ್. ಹಳೆಯ ಉರ್ದು ಲೆಕ್ಕದ ಪುಸ್ತಕಗಳಲ್ಲಿ ಪುಟದ ಕೆಳಗೆ ಬರೆಯುವ ಒಟ್ಟು ಮೊತ್ತಕ್ಕೂ ಮೀಜಾನ್ ಎನ್ನುತ್ತಾರೆ. ಕುರ್‌ಆನಿನ ಅರ್‌ರಹ್ಮಾನ್ ಅಧ್ಯಾಯದಲ್ಲಿ ಮೀಜಾನಿನ ಮಾತು ಬರುವುದೂ, ತೂಕದಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಒಂದು ಅಧ್ಯಾಯ ಇರುವುದೂ ನಮ್ಮಲ್ಲಿ ಹಲವರಿಗೆ ಗೊತ್ತಿದೆ.

ಅಬ್ಬಾ ಗಿರಾಕಿಗಳ ಮುಂದೆ ಹಳೆಯ ತಕ್ಕಡಿ ಹಿಡಿದಾಗ ನಮ್ಮಣ್ಣನಿಗೆ ಹೇಳುತ್ತಿದ್ದ ಮಾತು ನೆನಪಿದೆ: “ಕಾಂಟಾ ರುಕ್ನೇ ತಲಕ್ ನಕ್ಕೋ ಬೋಲ್.” ಮುಳ್ಳು ನಿಲ್ಲುವ ತನಕ ತೂಕ ಹೇಳಬೇಡ. ಚಾರ್ಟ್ ಬರೆಯುವಾಗ ನಾನು ಮರೆತದ್ದು ಇದನ್ನೇ. ಮುಳ್ಳು ಇನ್ನೂ ಓಲಾಡುತ್ತಿರುವಾಗಲೇ ಹಸಿರು ಪೆನ್ನಿನಲ್ಲಿ ತೂಕ ಬರೆದುಬಿಟ್ಟಿದ್ದೆ.

ಲೋಲಕ ಹೇಗೆ ಹೊತ್ತು ಹೇಳುತ್ತದೆ?

ಈಗ ಪುರಾವೆಯ ಕಡೆಗೆ ಬರೋಣ. ಅದಕ್ಕೆ ಮೊದಲು ಲೋಲಕದ ಗುಣ ತಿಳಿದಿರಬೇಕು.

ದಾರಕ್ಕೆ ಒಂದು ಭಾರ ಕಟ್ಟಿ ಸ್ವಲ್ಪ ಎಳೆದು ಬಿಡಿ. ಅದು ಹೋಗಿ ಬರಲು ಹಿಡಿಯುವ ಸಮಯ ಭಾರ ಎಷ್ಟಿದೆ ಎಂಬುದನ್ನು ಅವಲಂಬಿಸಿಲ್ಲ. ಸ್ವಲ್ಪವೇ ಎಳೆದು ಬಿಟ್ಟರೆ, ಎಷ್ಟು ದೂರ ಎಳೆದಿರಿ ಎಂಬುದನ್ನೂ ಹೆಚ್ಚುಕಡಿಮೆ ಅವಲಂಬಿಸಿಲ್ಲ. ಅದು ಅವಲಂಬಿಸಿರುವುದು ಎರಡನ್ನು ಮಾತ್ರ: ದಾರದ ಉದ್ದ ಮತ್ತು ಆ ಜಾಗದಲ್ಲಿ ಭೂಮಿ ಎಳೆಯುವ ಬಲ. ಉದ್ದ ನಾಲ್ಕು ಪಟ್ಟಾದರೆ ಸಮಯ ಎರಡು ಪಟ್ಟಾಗುತ್ತದೆ. ಬೆಂಗಳೂರಿನಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದದ ಲೋಲಕ ಒಂದು ಸೆಕೆಂಡಿನಲ್ಲಿ ಹೋಗಿ ಬರುತ್ತದೆ. ಸುಮಾರು 99 ಸೆಂಟಿಮೀಟರ್ ಉದ್ದದ್ದು ಎರಡು ಸೆಕೆಂಡಿನಲ್ಲಿ ಹೋಗಿ ಬರುತ್ತದೆ. ಮನೆಯಲ್ಲಿ ಬೀಗ ಅಥವಾ ನಟ್ಟು ಕಟ್ಟಿ 60 ಸಲ ಎಣಿಸಿ ನೋಡಿ. ಮೊಬೈಲಿನ ಸ್ಟಾಪ್‌ವಾಚ್ ಸಾಕು.

ಈ ಗುಣವನ್ನು ಗಮನಿಸಿ ಅಭ್ಯಾಸ ಮಾಡಿದವನು ಇಟಲಿಯ ಗೆಲಿಲಿಯೋ. 1602ರ ಒಂದು ಪತ್ರದಲ್ಲಿ ಅವನು ಇದನ್ನು ಚರ್ಚಿಸಿದ್ದಾನೆ. ಕೊನೆಗಾಲದಲ್ಲಿ ಲೋಲಕದ ಗಡಿಯಾರವೊಂದನ್ನು ಯೋಚಿಸಿದ, ಆದರೆ ಅದನ್ನು ಪೂರ್ಣಗೊಳಿಸಲು ಆಗಲಿಲ್ಲ. 1656ರಲ್ಲಿ ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ ಅದನ್ನು ಸಾಧಿಸಿದ. ಅದಕ್ಕೆ ಮೊದಲು ಯೂರೋಪಿನ ಯಂತ್ರಗಡಿಯಾರಗಳು ದಿನಕ್ಕೆ ಕಾಲು ಗಂಟೆಯಷ್ಟು ತಪ್ಪುತ್ತಿದ್ದವು. ಲೋಲಕ ಬಂದ ಮೇಲೆ ಆ ತಪ್ಪು ಸೆಕೆಂಡುಗಳಿಗೆ ಇಳಿಯಿತು.

ಹಾಗಾದರೆ ಇಬ್ನ್ ಯೂನುಸ್? ಅವರು ಕಾಲ್ಪನಿಕ ವ್ಯಕ್ತಿಯಲ್ಲ. ಕೈರೋದಲ್ಲಿದ್ದ ದೊಡ್ಡ ಖಗೋಳಜ್ಞರು, 1009ರಲ್ಲಿ ತೀರಿಕೊಂಡರು. ಆದರೆ ಅವರು ಲೋಲಕ ಬಳಸಿದರು ಎಂಬುದಕ್ಕೆ ಅವರ ಬರಹದಲ್ಲಿ ಆಧಾರವಿಲ್ಲ. ಈ ಮಾತು ಹುಟ್ಟಿದ್ದು 17ನೇ ಶತಮಾನದ ಇಂಗ್ಲೆಂಡಿನಲ್ಲಿ. ಎಡ್ವರ್ಡ್ ಬರ್ನಾರ್ಡ್ ಎಂಬ ಆಕ್ಸ್‌ಫರ್ಡಿನ ವಿದ್ವಾಂಸರ ಬರಹದಿಂದ ಹೊರಟ ತಪ್ಪು ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತ ಬಂತು. ಇಸ್ಲಾಮೀ ಖಗೋಳ ವಿಜ್ಞಾನದ ಚರಿತ್ರೆಯನ್ನೇ ಜೀವಮಾನವಿಡೀ ಅಭ್ಯಾಸ ಮಾಡಿದ ಡೇವಿಡ್ ಕಿಂಗ್ ಎಂಬ ಇತಿಹಾಸಕಾರರು 1979ರಲ್ಲಿ ಈ ತಪ್ಪಿನ ಜಾಡನ್ನು ಹಿಡಿದು ತೋರಿಸಿದರು. ಅಂದರೆ ನನಗೆ ಬಂದ ಸಂದೇಶ ಮುನ್ನೂರು ವರ್ಷ ಹಳೆಯ ಫಾರ್ವರ್ಡ್.

ಸ್ವಲ್ಪ ಬೇಸರವಾಯಿತು ಎಂದು ಹೇಳಲೇಬೇಕು. ನಮ್ಮವರದೆಂದು ಹಿಡಿದುಕೊಂಡದ್ದು ಕೈಯಿಂದ ಜಾರಿದಂತಾಯಿತು. ಆದರೆ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಕಡಿಮೆಯೇನಲ್ಲ. ಇಬ್ನ್ ಯೂನುಸ್ ಬರೆದಿಟ್ಟ ಗ್ರಹಣಗಳ ವಿವರ ಎಷ್ಟು ಎಚ್ಚರಿಕೆಯದಾಗಿತ್ತು ಎಂದರೆ, ಸುಮಾರು ಒಂಬೈನೂರು ವರ್ಷದ ನಂತರ ಅಮೆರಿಕದ ಸೈಮನ್ ನ್ಯೂಕೊಂಬ್ ಚಂದ್ರನ ಚಲನೆಯನ್ನು ಲೆಕ್ಕ ಹಾಕಲು ಅದನ್ನು ಬಳಸಿಕೊಂಡರು. ಅಲ್ ಖಾಜಿನಿ ಎಂಬ ಇನ್ನೊಬ್ಬರು 1121ರಲ್ಲಿ ತಕ್ಕಡಿಯ ಬಗ್ಗೆಯೇ ಒಂದು ದೊಡ್ಡ ಗ್ರಂಥ ಬರೆದರು. ‘ಮೀಜಾನುಲ್ ಹಿಕ್ಮಾ’, ಅಂದರೆ ವಿವೇಕದ ತಕ್ಕಡಿ, ಎಂದು ಅದರ ಹೆಸರು. ಲೋಹವನ್ನು ಗಾಳಿಯಲ್ಲೂ ನೀರಿನಲ್ಲೂ ತೂಗಿ ಅದು ಅಪ್ಪಟವೋ ಕಲಬೆರಕೆಯೋ ಎಂದು ತಿಳಿಯುವ ವಿಧಾನ ಅದರಲ್ಲಿದೆ. ಇವಕ್ಕೆ ಪುರಾವೆ ಇದೆ. ಪುರಾವೆ ಇರುವ ಹೆಮ್ಮೆಯನ್ನು ಯಾರ ಮುಂದೆಯೂ ಹೇಳಬಹುದು. ಇಲ್ಲದ ಹೆಮ್ಮೆಯನ್ನು ಮನೆಯ ಗ್ರೂಪಿನಲ್ಲಿ ಮಾತ್ರ ಹೇಳಬಹುದು.

ಬೆಂಗಳೂರಿನಲ್ಲಿ ತೂಗಿದ ಲೋಲಕ

ಹುಡುಕಾಟದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟದ್ದು ನಮ್ಮ ಊರಿನ ಕಥೆ.

1672ರಲ್ಲಿ ಜಾನ್ ರಿಷೆ ಎಂಬ ಫ್ರೆಂಚ್ ಖಗೋಳಜ್ಞ ಪ್ಯಾರಿಸಿನಲ್ಲಿ ಸರಿಹೊಂದಿಸಿದ ಗಡಿಯಾರವನ್ನು ದಕ್ಷಿಣ ಅಮೆರಿಕದ ಕಯೆನ್‌ಗೆ ಒಯ್ದ. ಭೂಮಧ್ಯರೇಖೆಗೆ ಹತ್ತಿರದ ಆ ಊರಿನಲ್ಲಿ ಗಡಿಯಾರ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಗಡಿಯಾರ ಕೆಟ್ಟಿರಲಿಲ್ಲ. ಅಲ್ಲಿ ಭೂಮಿಯ ಎಳೆತವೇ ಸ್ವಲ್ಪ ಕಡಿಮೆ. ಭೂಮಿ ತಿರುಗುತ್ತಿರುವುದೂ, ಮಧ್ಯದಲ್ಲಿ ಉಬ್ಬಿರುವುದೂ ಅದಕ್ಕೆ ಕಾರಣ. ನ್ಯೂಟನ್ ಇದನ್ನು ತನ್ನ ವಾದಕ್ಕೆ ಬಳಸಿಕೊಂಡ. ಅಂದಿನಿಂದ ಲೋಲಕ ಬರೀ ಹೊತ್ತು ಹೇಳುವ ಸಾಧನವಾಗಿ ಉಳಿಯಲಿಲ್ಲ. ಒಂದೊಂದು ಊರಿನಲ್ಲಿ ಭೂಮಿಯ ಎಳೆತ ಎಷ್ಟಿದೆ ಎಂದು ಹೇಳುವ ಸಾಧನವೂ ಆಯಿತು.

ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಹೆಸರನ್ನು ಸಮಾಜ ವಿಜ್ಞಾನದಲ್ಲಿ ಕೇಳಿರುತ್ತೀರಿ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಉಕ್ಕಿನ ಸರಪಳಿಯಿಂದ ಆಧಾರರೇಖೆಯೊಂದನ್ನು ಅಳೆದಿದ್ದರು. ಅದೇ ಸರ್ವೇಕ್ಷಣೆಯ ಕ್ಯಾಪ್ಟನ್ ಜೇಮ್ಸ್ ಪಲ್ಲಾಡಿಯೋ ಬಸೇವಿ 1865ರಿಂದ ಲಂಡನ್ನಿನ ರಾಯಲ್ ಸೊಸೈಟಿಯ ಎರಡು ಲೋಲಕಗಳನ್ನು ಹೊತ್ತು ದೇಶವಿಡೀ ಸುತ್ತಿದರು. ಕನ್ಯಾಕುಮಾರಿಯ ಹತ್ತಿರದಿಂದ ಹಿಮಾಲಯದವರೆಗಿನ ಅವರ ನಿಲ್ದಾಣಗಳಲ್ಲಿ ನಮ್ಮ ಬೆಂಗಳೂರೂ ಇತ್ತು, ಮಂಗಳೂರೂ ಇತ್ತು. ಗಾಳಿ ತೆಗೆದ ಪಾತ್ರೆಯೊಳಗೆ ಲೋಲಕವನ್ನು ಆಡಿಸಿ, ಪಕ್ಕದಲ್ಲಿದ್ದ ಗಡಿಯಾರದ ಲೋಲಕದ ಜೊತೆ ಅದು ಯಾವಾಗ ಸರಿಜೋಡಿಯಾಗುತ್ತದೆ ಎಂದು ನೋಡಿ ನೋಡಿ ಬರೆದುಕೊಳ್ಳುವುದು ಅವರ ಕೆಲಸ. ದಿನಕ್ಕೆ ಒಂದೆರಡು ಸೆಕೆಂಡಿನ ವ್ಯತ್ಯಾಸಕ್ಕೂ ಅಲ್ಲಿ ಬೆಲೆ.

ಬೆಂಗಳೂರು ಮತ್ತು ಮಂಗಳೂರು ಎರಡೂ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿವೆ. ಆದರೆ ಮಂಗಳೂರು ಸಮುದ್ರದ ದಡ, ಬೆಂಗಳೂರು 900 ಮೀಟರಿಗಿಂತ ಎತ್ತರ. ಎತ್ತರಕ್ಕೆ ಹೋದಂತೆ ಭೂಮಿಯ ಕೇಂದ್ರದಿಂದ ದೂರವಾಗುತ್ತೇವೆ, ಎಳೆತ ಕಡಿಮೆಯಾಗುತ್ತದೆ. ಫಿಸಿಕ್ಸ್ ಸರ್ ಸಹಾಯದಿಂದ ನಾನು ಲೆಕ್ಕ ಹಾಕಿದೆ. ಮಂಗಳೂರಿನಲ್ಲಿ ಸರಿಯಾಗಿದ್ದ ಲೋಲಕದ ಗಡಿಯಾರವನ್ನು ಬೆಂಗಳೂರಿಗೆ ತಂದು ನೇತುಹಾಕಿದರೆ ಅದು ದಿನಕ್ಕೆ ಹತ್ತು ಸೆಕೆಂಡಿನ ಆಸುಪಾಸು ಹಿಂದೆ ಬೀಳುತ್ತದೆ. ಘಾಟಿ ಹತ್ತಿ ಬಂದದ್ದಕ್ಕೆ ಗಡಿಯಾರ ಕೊಡುವ ಸುಂಕ ಇದು.

ಬಸೇವಿ ಕೊನೆಗೆ ಲದಾಖಿನ ಎತ್ತರಕ್ಕೆ ಲೋಲಕ ಒಯ್ದರು. ಅಷ್ಟು ದೊಡ್ಡ ಪರ್ವತರಾಶಿ ಕಾಲ ಕೆಳಗಿದ್ದರೂ ಅಲ್ಲಿ ಎಳೆತ ನಿರೀಕ್ಷೆಗಿಂತ ಕಡಿಮೆ ಬಂತು. ಹಿಮಾಲಯದ ಅಡಿಯಲ್ಲಿರುವ ಬಂಡೆ ಹಗುರವಾಗಿದೆ ಎಂಬ ವಾದಕ್ಕೆ ಅದು ಬಲ ಕೊಟ್ಟಿತು. 1871ರ ಜುಲೈನಲ್ಲಿ ಬಸೇವಿ ಅಲ್ಲಿನ ಶಿಬಿರದಲ್ಲೇ ತೀರಿಕೊಂಡರು. ಪರ್ವತವನ್ನು ಯಾವ ತಕ್ಕಡಿಯಲ್ಲೂ ಇಡಲಾಗುವುದಿಲ್ಲ. ಅವರು ಲೋಲಕವನ್ನು ತೂಗಿ ಪರ್ವತವನ್ನು ತೂಗಿದರು. ಕನ್ನಡದಲ್ಲಿ ಈ ವಾಕ್ಯಕ್ಕೆ ಒಂದೇ ಕ್ರಿಯಾಪದ ಸಾಕು.

ಲೋಲಕಕ್ಕೆ ಇನ್ನೊಂದು ಕೆಲಸವೂ ಇದೆ. 1851ರಲ್ಲಿ ಪ್ಯಾರಿಸಿನ ಪಾಂಥಿಯೋನ್ ಕಟ್ಟಡದಲ್ಲಿ ಫೂಕೋ ಎಂಬವನು 67 ಮೀಟರ್ ಉದ್ದದ ತಂತಿಗೆ 28 ಕಿಲೋ ಭಾರ ಕಟ್ಟಿ ಆಡಿಸಿದ. ಲೋಲಕ ಓಲಾಡುವ ದಿಕ್ಕು ನಿಧಾನವಾಗಿ ತಿರುಗುತ್ತಾ ಹೋಯಿತು. ಭೂಮಿ ತಿರುಗುತ್ತಿದೆ ಎಂಬುದು ಜನರಿಗೆ ಕೋಣೆಯೊಳಗೇ ಕಂಡಿತು. ದೆಹಲಿಯ ಹೊಸ ಸಂಸತ್ ಭವನದಲ್ಲೂ ಅಂಥದೊಂದು ಲೋಲಕವಿದೆ. ಅಲ್ಲಿ ಒಂದು ಪೂರ್ಣ ಸುತ್ತಿಗೆ ಸುಮಾರು 50 ಗಂಟೆ ಬೇಕು. ಬೆಂಗಳೂರಿನಲ್ಲಿ ಹಾಕಿದರೆ ಸುಮಾರು 107 ಗಂಟೆ, ಅಂದರೆ ನಾಲ್ಕೂವರೆ ದಿನ. ಭೂಮಧ್ಯರೇಖೆಗೆ ಹತ್ತಿರವಾದಷ್ಟೂ ತಿರುಗುವುದು ನಿಧಾನ.

ದಾದಾರ ಗಡಿಯಾರ

ಇಷ್ಟೆಲ್ಲ ತಿಳಿದ ಮೇಲೆ ಗೋಡೆಯ ಮೇಲಿನ ಗಡಿಯಾರವನ್ನು ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ. ದಾದಿಯ ಅನುಮತಿ ಕೇಳಿ ಗಾಜಿನ ಬಾಗಿಲು ತೆರೆದೆ. ಧೂಳು ಒರೆಸಿದೆ. ಕೀಲಿ ಅಲ್ಲೇ ಒಳಗಿತ್ತು. ಕೀಲಿ ಕೊಟ್ಟು ಬಿಲ್ಲೆಯನ್ನು ಮೆಲ್ಲನೆ ತಳ್ಳಿದಾಗ ಟಿಕ್ ಟಿಕ್ ಎಂದು ನಡೆಯಿತು. ಹಲ್ಲಿನ ಚಕ್ರವೊಂದನ್ನು ಸ್ಪ್ರಿಂಗ್ ತಿರುಗಿಸಲು ನೋಡುತ್ತಿರುತ್ತದೆ. ಲೋಲಕದ ಜೊತೆ ಓಲಾಡುವ ಕೊಕ್ಕೆ ಒಂದೊಂದು ಓಲಾಟಕ್ಕೆ ಒಂದೊಂದೇ ಹಲ್ಲನ್ನು ಮುಂದೆ ಬಿಡುತ್ತದೆ. ಹಲ್ಲು ಹೋಗುವಾಗ ಲೋಲಕಕ್ಕೆ ಸಣ್ಣದಾಗಿ ತಳ್ಳಿ ಹೋಗುತ್ತದೆ, ಅದರಿಂದ ಲೋಲಕ ನಿಲ್ಲುವುದಿಲ್ಲ. ಟಿಕ್ ಎಂಬ ಸದ್ದು ಹಲ್ಲು ಕೊಕ್ಕೆಗೆ ತಾಗುವ ಸದ್ದು.

ಮೊದಲ ದಿನ ಗಡಿಯಾರ ಐದು ನಿಮಿಷ ಹಿಂದೆ ಬಿತ್ತು. ರಿಪೇರಿಗೆ ಕೊಡೋಣ ಎಂದರು ಅಮ್ಮಿ. ನಾನು ತಡೆದೆ. ದಿನಕ್ಕೆ 1440 ನಿಮಿಷದಲ್ಲಿ 5 ನಿಮಿಷ ಎಂದರೆ ಶೇಕಡಾ 0.35. ಸಮಯವನ್ನು ಅಷ್ಟು ತಗ್ಗಿಸಬೇಕಾದರೆ ಉದ್ದವನ್ನು ಅದರ ಎರಡು ಪಟ್ಟು, ಅಂದರೆ ಶೇಕಡಾ 0.7ರಷ್ಟು ತಗ್ಗಿಸಬೇಕು. ನಮ್ಮದು ಸುಮಾರು 25 ಸೆಂಟಿಮೀಟರಿನ ಲೋಲಕ. ಹಾಗಾದರೆ ಬಿಲ್ಲೆಯನ್ನು ಎರಡು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ ಮೇಲೆತ್ತಬೇಕು. ಬಿಲ್ಲೆಯ ಕೆಳಗೆ ಒಂದು ಚಿಕ್ಕ ನಟ್ಟು ಇರುತ್ತದೆ, ಅದು ಇರುವುದೇ ಇದಕ್ಕೆ. ಸ್ವಲ್ಪ ಸ್ವಲ್ಪವೇ ತಿರುಗಿಸಿದೆ. ಬೇಸಿಗೆಯಲ್ಲಿ ಇನ್ನೊಮ್ಮೆ ನೋಡಬೇಕಾಗುತ್ತದೆ. ಉಕ್ಕಿನ ಕಡ್ಡಿ ಬಿಸಿಗೆ ಹಿಗ್ಗುತ್ತದೆ. 10 ಡಿಗ್ರಿ ಸೆಕೆ ಹೆಚ್ಚಾದರೆ ದಿನಕ್ಕೆ ಸುಮಾರು 5 ಸೆಕೆಂಡು ಹಿಂದೆ ಬೀಳುತ್ತದೆ.

ದಾದಿ ಏನೂ ಹೇಳಲಿಲ್ಲ. ಮರುದಿನ ಫಜರ್ ಹೊತ್ತಿಗೆ ನಾನು ಎದ್ದಾಗ ಅವರು ತಸ್ಬೀಹ್ ಹಿಡಿದು ಅದರ ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಶುಕ್ರವಾರದ ಕೀಲಿ ಇನ್ನು ನನ್ನ ಪಾಲಿಗೆ ಎಂದು ತೀರ್ಮಾನವಾಗಿದೆ.

ಚಾರ್ಟಿನ ಆ ಸಾಲಿನ ಮೇಲೆ ಬಿಳಿ ಕಾಗದ ಅಂಟಿಸಿ ಹೊಸದಾಗಿ ಬರೆದಿದ್ದೇನೆ. ಇಬ್ನ್ ಯೂನುಸ್ ಹೆಸರನ್ನು ತೆಗೆದಿಲ್ಲ. ಅವರು ನಿಜವಾಗಿ ಮಾಡಿದ ಕೆಲಸದ ಜೊತೆ ಇಟ್ಟಿದ್ದೇನೆ. ಫ್ಯಾಮಿಲಿ ಗ್ರೂಪಿಗೂ ತಿದ್ದುಪಡಿ ಕಳಿಸಿದೆ. ಒಬ್ಬ ಚಾಚಾ ಮಾತ್ರ ಉತ್ತರಿಸಿದರು, ಅದೂ ಹೆಬ್ಬೆರಳಿನ ಚಿತ್ರದಿಂದ. ಪರವಾಗಿಲ್ಲ.

ಓದಿದವರಿಗೆ ಒಂದು ಕೋರಿಕೆ. ನಮ್ಮ ಕಾಲೇಜಿನಲ್ಲಿ ಮನೆಯಲ್ಲಿ ಉರ್ದು, ಕನ್ನಡ, ತಮಿಳು, ತೆಲುಗು, ಮಲಯಾಳಂ, ಬ್ಯಾರಿ ಮಾತಾಡುವವರೆಲ್ಲ ಇದ್ದೇವೆ. ನಿಮ್ಮ ಮನೆಯ ಹಿರಿಯರು ಗಡಿಯಾರದ ಈ ಬಿಲ್ಲೆಗೆ ಏನೆನ್ನುತ್ತಾರೆ ಎಂದು ಕೇಳಿ, ಒಂದು ಚೀಟಿಯಲ್ಲಿ ಬರೆದು ಕನ್ನಡ ವಿಭಾಗದ ನೋಟಿಸ್ ಬೋರ್ಡಿಗೆ ಅಂಟಿಸಿ. ಜೊತೆಗೆ ಯಾರಿಂದ ಕೇಳಿದಿರಿ ಎಂದೂ ಬರೆಯಿರಿ. ಫಿಸಿಕ್ಸ್ ಸರ್ ಆ ದಾರಿಯಲ್ಲೇ ಓಡಾಡುತ್ತಾರೆ.